ಸಹಿ ಅಸಲಿಯೇ, ನಕಲಿಯೇ?

ಬಾಕ್ಸರ್ ಮುಹಮ್ಮದ್ ಅಲಿಯವರ ಸಹಿ ಇರುವ ಕೈಗವಸು ಅಂತರ್ಜಾಲದಲ್ಲಿ ಮಾರಾಟಕ್ಕಿದೆ ಎಂದು ನಿಮ್ಮ ಮಗ ಹೇಳುತ್ತಾನೆ. ಜೊತೆಗೆ ‘ಇದು ಅಸಲಿ’ ಎನ್ನುವ ಪ್ರಮಾಣಪತ್ರವೂ ಉಂಟಂತೆ. ಅಲಿಯವರನ್ನು ಮೆಚ್ಚದವರು ಯಾರು? ಮಗನ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯ ಖರ್ಚಿನಿಂದ ಉಳಿಸಿದ ಹಣ ಕಳುಹಿಸುವ ಮೊದಲು ಸ್ವಲ್ಪ ತಡೆಯಿರಿ.

ಆ ಪ್ರಮಾಣಪತ್ರವನ್ನು ಕಂಡು ಮರುಳಾಗಬೇಡಿ. 1990ರ ದಶಕದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ನಕಲಿ ಸಹಿಗಳ ಜಾಲವೊಂದನ್ನು ಭೇದಿಸಿತು. ಕ್ರೀಡಾಪಟುಗಳ ಸಹಿಯನ್ನು ಮಾತ್ರವಲ್ಲ, ಸಹಿ ಅಸಲಿಯೆಂದು ಸಾರುವ ಪ್ರಮಾಣಪತ್ರಗಳನ್ನೂ ಆ ವಂಚಕರೇ ಸೃಷ್ಟಿಸುತ್ತಿದ್ದರು. ಅಲ್ಲಿ ಸಿಕ್ಕಿದ ಸರಕಿನಲ್ಲಿ ಮದರ್ ತೆರೇಸಾರ ‘ಸಹಿ’ ಇದ್ದ ಬೇಸ್‌ಬಾಲ್ ಚೆಂಡೂ ಇತ್ತು! ಇಂಥದ್ದಕ್ಕೂ ಗಿರಾಕಿಗಳು ಸಿಗುತ್ತಾರೆಂಬ ಧೈರ್ಯ ಅವರಿಗೆ.

ಆದ್ದರಿಂದ ಪತ್ರವನ್ನು ಬದಿಗಿಟ್ಟು ಸಹಿಯನ್ನೇ ನೋಡಿ. ಮೊದಲು ಕಾಲ ಹೊಂದುತ್ತದೆಯೇ ಎಂದು ಪರಿಶೀಲಿಸಿ. ಅಲಿಯವರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವರ ಹೆಸರು ಕ್ಯಾಸಿಯಸ್ ಕ್ಲೇ. ಮುಹಮ್ಮದ್ ಅಲಿ ಎಂಬ ಹೆಸರು ಬಂದದ್ದು 1964ರಲ್ಲಿ. ‘ರೋಮ್‌ನಲ್ಲೇ ಹಾಕಿದ ಸಹಿ’ ಎಂದು ಮಾರುವವನ ವಸ್ತುವಿನಲ್ಲಿ ಮುಹಮ್ಮದ್ ಅಲಿ ಎಂದಿದ್ದರೆ ಅವನ ಮಾತು ಸುಳ್ಳು. ಹಳೆಯ ಚಿತ್ರಕ್ಕೆ ಅವರು ಮುಂದೆಂದೋ ಸಹಿ ಹಾಕಿರಬಹುದು, ಅದು ಬೇರೆ ಮಾತು.

ಕೈಬರಹವೂ ವಯಸ್ಸಿನೊಂದಿಗೆ ಬದಲಾಗುತ್ತದೆ. 1984ರಲ್ಲಿ ಅಲಿಯವರಿಗೆ ಪಾರ್ಕಿನ್ಸನ್ಸ್ ಕಾಯಿಲೆ ಇರುವುದು ತಿಳಿಯಿತು. ಈ ಕಾಯಿಲೆ ಇರುವವರ ಅಕ್ಷರ ಬರಬರುತ್ತಾ ಚಿಕ್ಕದಾಗಿ, ಒತ್ತೊತ್ತಾಗುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿ ಬೆಳಗಿದಾಗ ಅವರ ಕೈ ನಡುಗಿದ್ದನ್ನು ಲೋಕವೇ ಕಂಡಿದೆ. ಅದರ ನಂತರದ್ದೆಂದು ಹೇಳುವ ಸಹಿ ಯೌವನದ ದಿನಗಳಂತೆ ದೊಡ್ಡದಾಗಿ, ಸಲೀಸಾಗಿ ಹರಿದಿದ್ದರೆ ಸಂಶಯಪಡಲೇಬೇಕು. ಸಾಮಾನ್ಯವಾಗಿ ತಡೆತಡೆದು ಎಳೆದ ಗೆರೆ ನಕಲಿಯ ಗುರುತು. ಅಲಿಯವರ ವಿಷಯದಲ್ಲಿ ಅಷ್ಟನ್ನೇ ನಂಬಿ ತೀರ್ಮಾನಿಸಲಾಗದು.

ಚಿತ್ರದ ಮೇಲಿನ ಸಹಿಯಾದರೆ ಭೂತಕನ್ನಡಿ ಹಿಡಿಯಿರಿ. ಸಹಿಯ ಗೆರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಕಂಡರೆ ಅದು ಮುದ್ರಿಸಿದ್ದು. ಲೇಖನಿಯ ಶಾಯಿ ಕಾಗದದ ಮೇಲೆ ಕುಳಿತಿರುತ್ತದೆ, ಗೆರೆಗಳು ಒಂದನ್ನೊಂದು ದಾಟುವಲ್ಲಿ ದಟ್ಟವಾಗಿ ಕಾಣಬಹುದು. ಒಂದೇ ಅಳತೆಯ, ಚೂರೂ ವ್ಯತ್ಯಾಸವಿಲ್ಲದ ಎರಡು ಸಹಿಗಳು ಸಿಕ್ಕಿದರೆ ಯಂತ್ರದ ಅಥವಾ ಮುದ್ರೆಯ ಕೆಲಸವೆಂದು ತಿಳಿಯಿರಿ. ನಾವು ನೀವು ಬ್ಯಾಂಕಿನಲ್ಲಿ ಹಾಕುವ ಸಹಿಯೇ ಒಂದರಂತೆ ಒಂದು ಇರುವುದಿಲ್ಲವಲ್ಲ!

ಅತ್ಯಂತ ಗಟ್ಟಿಯಾದ ಪುರಾವೆಯೆಂದರೆ ಸಹಿ ಹಾಕುವಾಗ ಕಣ್ಣಾರೆ ಕಂಡ ಸಾಕ್ಷಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ಇಂಥ ವ್ಯವಸ್ಥೆಯನ್ನೇ ಆರಂಭಿಸಿತು. ಸಾಕ್ಷಿಯೊಬ್ಬ ಎದುರಿಗಿದ್ದು ನೋಡಿದ ಮೇಲೆಯೇ ವಸ್ತುವಿಗೆ ಸಂಖ್ಯೆಯಿರುವ ಹೊಲೊಗ್ರಾಮ್ ಅಂಟಿಸುತ್ತಾರೆ. ಆ ಸಂಖ್ಯೆಯನ್ನು ಲೀಗ್‌ನ ದಾಖಲೆಯಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನಿಮ್ಮ ಮಾರಾಟಗಾರನನ್ನೂ ಕೇಳಿ: ಎಲ್ಲಿ, ಯಾವಾಗ, ಯಾರೆದುರು ಸಹಿ ಹಾಕಿದ್ದು? ನಕಲಿಯೆಂದು ತಿಳಿದರೆ ಹಣ ಹಿಂದಿರುಗಿಸುವುದಾಗಿ ಬರೆದುಕೊಡುವೆಯಾ? ಉತ್ತರಕ್ಕೆ ತಡಬಡಾಯಿಸಿದರೆ ವ್ಯಾಪಾರ ಬೇಡ.

ಅಂದಹಾಗೆ, ಅಲಿಯವರು ಇಸ್ಲಾಮನ್ನು ಪರಿಚಯಿಸುವ ಕರಪತ್ರಗಳಿಗೆ ಸಹಿ ಹಾಕಿ ಅಭಿಮಾನಿಗಳಿಗೆ ಉಚಿತವಾಗಿ ಹಂಚುತ್ತಿದ್ದರು. ಅವೂ ಈಗ ಹರಾಜಿಗೆ ಬರುತ್ತಿವೆ. ಅವುಗಳಿಗೂ ಭೂತಕನ್ನಡಿ ಹಿಡಿಯಲೇಬೇಕು.