ಸ್ವಂತ ಕಾರಿನಲ್ಲಿ ಉಮ್ರಾ: ಗಡಿ ದಾಟುವ ಮುನ್ನ



ಮಾಡಿಕೊಂಡ ಕರಾರುಗಳನ್ನು ಪೂರ್ಣವಾಗಿ ಪಾಲಿಸಬೇಕೆಂಬ ಆದೇಶದೊಂದಿಗೆ ಸೂರಃ ಅಲ್ ಮಾಇದಃ ಆರಂಭವಾಗುತ್ತದೆ. ಈ ವಿಷಯದ ಮೇಲೆ ಜುಮಾ ಖುತ್ಬಾದಲ್ಲಿ ಹೇಳಿದ ಮಾತುಗಳ ಜೊತೆಗೆ, ಗಲ್ಫ್‌ನಲ್ಲಿರುವ ನಮ್ಮ ಕುಟುಂಬಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಅದು ಒಂದು ದೇಶದಲ್ಲಿ ನೋಂದಣಿಯಾದ ಕಾರನ್ನು ಇನ್ನೊಂದು ದೇಶದಲ್ಲಿ ಓಡಿಸುವ ವಿಷಯ.

ದುಬೈ, ದೋಹಾ, ಕುವೈತ್, ಬಹ್ರೈನ್‌ಗಳಲ್ಲಿ ಇರುವ ಅನೇಕರು ಈಗ ಸ್ವಂತ ಕಾರಿನಲ್ಲೇ ಉಮ್ರಾಕ್ಕೆ ಹೋಗುತ್ತಾರೆ. ಜಿಸಿಸಿ ದೇಶಗಳ ನಿವಾಸಿಗಳು ಸೌದಿ ಪ್ರವಾಸಿ ಇ-ವೀಸಾ ಪಡೆದು ಉಮ್ರಾ ನಿರ್ವಹಿಸಲು ಅವಕಾಶ ಬಂದ ಮೇಲೆ ಇದು ಇನ್ನೂ ಸುಲಭವಾಗಿದೆ. ದುಬೈಯಿಂದ ಹೊರಟವರು ಗುವೈಫಾತ್ ಗಡಿ ದಾಟಿ ಸೌದಿಯ ಬತ್‌ಹಾ ಪ್ರವೇಶಿಸಿ, ರಿಯಾದ್, ತಾಯಿಫ್ ಮಾರ್ಗವಾಗಿ ಸಾಗುತ್ತಾರೆ. ತಾಯಿಫ್ ಸಮೀಪದ ಖರ್ನುಲ್ ಮನಾಝಿಲ್ ಮೀಖಾತ್‌ನಲ್ಲಿ ಇಹ್ರಾಮ್ ಧರಿಸಿ ಮಕ್ಕಾ ಸೇರುವಾಗ ಸುಮಾರು 2,000 ಕಿಲೋಮೀಟರ್ ದಾರಿ ಸಾಗಿರುತ್ತದೆ. ಕತರ್‌ನವರಿಗೆ ಅಬೂ ಸಮ್ರಾ–ಸಲ್ವಾ, ಕುವೈತ್‌ನವರಿಗೆ ನುವೈಸೀಬ್–ಖಫ್ಜಿ, ಬಹ್ರೈನ್‌ನವರಿಗೆ 1986ರಲ್ಲಿ ತೆರೆದ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾರಿ.

ಇಹ್ರಾಮ್ ಎಲ್ಲಿ ಧರಿಸಬೇಕು, ಕಸ್ರ್ ನಮಾಝ್ ಹೇಗೆ ಎಂದು ಕೇಳಲು ಉಸ್ತಾದರುಗಳಿಗೆ ಅನೇಕ ಕರೆಗಳು ಬರುತ್ತವೆ. ಕಾರಿನ ಬಗ್ಗೆ ಕೇಳುವವರು ಕಡಿಮೆ. "ನನ್ನಲ್ಲಿ ಲೈಸೆನ್ಸ್ ಇದೆಯಲ್ಲ" ಎಂಬ ಒಂದೇ ಧೈರ್ಯದಲ್ಲಿ ಹೊರಡುವವರೇ ಹೆಚ್ಚು. ಲೈಸೆನ್ಸ್ ಒಂದರಿಂದ ವಿಷಯ ಮುಗಿಯುವುದಿಲ್ಲ.

ನಾಲ್ಕು ಬೇರೆ ಬೇರೆ ಅನುಮತಿಗಳು

ಗಡಿ ದಾಟುವ ಕಾರಿಗೆ ಸಂಬಂಧಿಸಿ ನಾಲ್ಕು ಪ್ರಶ್ನೆಗಳಿವೆ. ಒಂದು, ಈ ವ್ಯಕ್ತಿ ಆ ದೇಶಕ್ಕೆ ಬರಬಹುದೇ? ಇದಕ್ಕೆ ಉತ್ತರ ವೀಸಾ. ಎರಡು, ಈತ ಅಲ್ಲಿ ವಾಹನ ಓಡಿಸಬಹುದೇ? ಉತ್ತರ ಲೈಸೆನ್ಸ್. ಮೂರು, ಈ ಕಾರು ಅಲ್ಲಿಗೆ ಬರಬಹುದೇ, ಈತನೇ ಅದನ್ನು ತರಬಹುದೇ? ಉತ್ತರ ನೋಂದಣಿ ಕಾರ್ಡ್, ಮಾಲೀಕರ ಒಪ್ಪಿಗೆ ಮತ್ತು ಕಸ್ಟಮ್ಸ್ ಕಾಗದ. ನಾಲ್ಕು, ಈ ಕಾರಿನಿಂದ ಯಾರಿಗಾದರೂ ಹಾನಿಯಾದರೆ ಪರಿಹಾರ ಕೊಡುವವರು ಯಾರು? ಉತ್ತರ ವಿಮೆ.

ಈ ನಾಲ್ಕರಲ್ಲಿ ಯಾವುದೂ ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ವೀಸಾ ಇದ್ದ ಮಾತ್ರಕ್ಕೆ ಕಾರಿಗೆ ಅನುಮತಿ ಸಿಕ್ಕಿತೆಂದಲ್ಲ. ಕಾರು ಗಡಿ ದಾಟಿದ ಮಾತ್ರಕ್ಕೆ ಅದರ ವಿಮೆಯೂ ದಾಟಿತೆಂದಲ್ಲ.

ಲೈಸೆನ್ಸ್

ಒಂದು ಜಿಸಿಸಿ ದೇಶದ ನಿವಾಸಿಯ ಚಾಲ್ತಿಯಲ್ಲಿರುವ ಲೈಸೆನ್ಸನ್ನು ಆತ ಸಂದರ್ಶಕನಾಗಿ ಹೋಗುವ ಉಳಿದ ಜಿಸಿಸಿ ದೇಶಗಳಲ್ಲಿ ಒಪ್ಪುತ್ತಾರೆ. ಆದ್ದರಿಂದ ಯುಎಇ ಲೈಸೆನ್ಸ್ ಇರುವವರಿಗೆ ಸೌದಿಯಲ್ಲಾಗಲಿ ಒಮಾನಿನಲ್ಲಾಗಲಿ ಇದು ದೊಡ್ಡ ತೊಡಕಲ್ಲ.

ತೊಡಕು ಬರುವುದು ಊರಿನಿಂದ ಹೋದವರಿಗೆ. ಭಾರತದ ಲೈಸೆನ್ಸ್ ಇರುವವರು ಹೊರಡುವ ಮೊದಲೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಅದಕ್ಕೆ ಫಾರಂ 4ಎ ತುಂಬಿ, ಪಾಸ್‌ಪೋರ್ಟ್, ಲೈಸೆನ್ಸ್ ಪ್ರತಿಗಳೊಂದಿಗೆ ಅರ್ಜಿ ಸಲ್ಲಿಸಬೇಕು. ಅದರ ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಅದಕ್ಕಿಂತ ಮೊದಲೇ ಮುಗಿದರೆ ಇದೂ ಅಂದೇ ಮುಗಿಯುತ್ತದೆ. ಇದು ಮೂಲ ಲೈಸೆನ್ಸಿನ ಜೊತೆಗೆ ಇರಬೇಕಾದ ಪತ್ರವೇ ಹೊರತು ಬೇರೆಯೇ ಆದ ಲೈಸೆನ್ಸ್ ಅಲ್ಲ. ಎರಡನ್ನೂ ಕೈಯಲ್ಲಿಟ್ಟುಕೊಳ್ಳಬೇಕು. ಇಂಟರ್‌ನೆಟ್‌ನಲ್ಲಿ ಹಣ ಪಡೆದು "ಇಂಟರ್‌ನ್ಯಾಷನಲ್ ಲೈಸೆನ್ಸ್" ಮಾಡಿಕೊಡುತ್ತೇವೆ ಎನ್ನುವವರ ಪುಸ್ತಕಕ್ಕೆ ಕಾನೂನಿನ ಬೆಲೆಯಿಲ್ಲ.

ಇನ್ನೂ ಒಂದು ಮಾತು. ಯುಎಇಯಲ್ಲಿ ರೆಸಿಡೆನ್ಸ್ ವೀಸಾ ಸಿಕ್ಕ ಮೇಲೆ ಭಾರತದ ಲೈಸೆನ್ಸ್ ಮತ್ತು ಅಂತರರಾಷ್ಟ್ರೀಯ ಪರವಾನಗಿಯನ್ನು ನಂಬಿ ಕಾರು ಓಡಿಸುವಂತಿಲ್ಲ. ಅಲ್ಲಿನ ಪರೀಕ್ಷೆ ಪಾಸಾಗಿ ಅಲ್ಲಿನ ಲೈಸೆನ್ಸ್ ಪಡೆಯಬೇಕು. "ವಿಸಿಟ್‌ನಲ್ಲಿದ್ದಾಗ ಓಡಿಸುತ್ತಿದ್ದೆ, ಈಗ ಏಕೆ ಆಗದು?" ಎಂದು ಕೇಳುವ ಯುವಕರಿದ್ದಾರೆ. ವಿನಾಯಿತಿ ಕೊಟ್ಟದ್ದು ಸಂದರ್ಶಕನಿಗೆ. ನಿವಾಸಿಯಾದ ದಿನ ಆ ವಿನಾಯಿತಿ ಮುಗಿಯಿತು.

ವಿಸಿಟ್ ವೀಸಾದಲ್ಲಿ ಹೋದ ತಮ್ಮನಿಗೋ ಅಳಿಯನಿಗೋ ಮನೆಯ ಕಾರಿನ ಕೀಲಿ ಕೊಡುವವರೂ ಯೋಚಿಸಬೇಕು. ಸಂದರ್ಶಕರಿಗೆ ಬಾಡಿಗೆ ಕಾರು ಸಿಗುತ್ತದೆ ಎಂದ ಮಾತ್ರಕ್ಕೆ ಅಣ್ಣನ ಕಾರಿನ ವಿಮೆ ತಮ್ಮನಿಗೂ ಅನ್ವಯಿಸುತ್ತದೆ ಎಂದಾಗುವುದಿಲ್ಲ. ಮೊದಲು ವಿಮಾ ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಾರು ಯಾರ ಹೆಸರಿನಲ್ಲಿದೆ?

ಗಡಿಯ ಅಧಿಕಾರಿ ಮೊದಲು ಕೇಳುವುದು ಮುಲ್ಕಿಯಾ. ಸೌದಿಯಲ್ಲಿ ಇದಕ್ಕೆ ಇಸ್ತಿಮಾರಾ ಎನ್ನುತ್ತಾರೆ. ಅದರಲ್ಲಿರುವ ಹೆಸರೂ ನಿಮ್ಮ ಪಾಸ್‌ಪೋರ್ಟಿನ ಹೆಸರೂ ಒಂದೇ ಆಗಿದ್ದರೆ ಕೆಲಸ ಸುಲಭ. ಬೇರೆಯಾಗಿದ್ದರೆ ಮಾಲೀಕರ ಅನುಮತಿ ಪತ್ರ ಬೇಕು.

ಕಂಪನಿಯ ಕಾರಾದರೆ ಕಂಪನಿಯ ಪತ್ರ, ಬಾಡಿಗೆ ಕಾರಾದರೆ ಬಾಡಿಗೆ ಸಂಸ್ಥೆಯ ಎನ್‌ಒಸಿ ಬೇಕು. ಸೌದಿಯಲ್ಲಿ ಕಫೀಲ್ ಅಥವಾ ಗೆಳೆಯನ ಕಾರನ್ನು ಓಡಿಸಲು ಅಬ್ಶಿರ್ ಮೂಲಕ ಮಾಲೀಕರು ತಫ್ವೀದ್ ಕೊಡುತ್ತಾರೆ. ಇದರಲ್ಲಿ ಒಂದು ವ್ಯತ್ಯಾಸ ಗಮನಿಸಿ: ದೇಶದೊಳಗೆ ಓಡಿಸಲು ಕೊಟ್ಟ ತಫ್ವೀದ್ ದೇಶದ ಹೊರಗೆ ಕೊಂಡೊಯ್ಯಲು ಸಾಕಾಗದು. ದಮ್ಮಾಮ್, ಖೋಬರ್‌ಗಳಿಂದ ವಾರಾಂತ್ಯಕ್ಕೆ ಬಹ್ರೈನ್‌ಗೆ ಹೊರಡುವವರು ಸೇತುವೆ ತಲುಪುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಅವರಿಗೆ ಎಕ್ಸಿಟ್ ರೀ-ಎಂಟ್ರಿ ವೀಸಾ ಕೂಡ ಬೇಕೇ ಬೇಕು.

ಬ್ಯಾಂಕ್ ಸಾಲದ ಕಾರಾದರೆ ದೇಶದ ಹೊರಗೆ ಒಯ್ಯಲು ಬ್ಯಾಂಕಿನ ಎನ್‌ಒಸಿ ಕೇಳುತ್ತಾರೆ. "ಕಂತು ಕಟ್ಟುವುದು ನಾನು, ಬ್ಯಾಂಕಿಗೇನು?" ಎನ್ನಬೇಡಿ. ಫಿಕ್ಹ್ ಓದಿದವರಿಗೆ ಇದು ಹೊಸ ವಿಷಯವಲ್ಲ. ರಹ್ನ್, ಅಂದರೆ ಅಡವಿಟ್ಟ ವಸ್ತು, ಮಾಲೀಕನದೇ ಆದರೂ ಸಾಲ ಕೊಟ್ಟವನ ಹಕ್ಕಿಗೆ ಹಾನಿಯಾಗುವಂತೆ ಅದನ್ನು ಬಳಸಲು ಆತನ ಒಪ್ಪಿಗೆಯಿಲ್ಲದೆ ಆಗದು. ಮಾಡಿಕೊಂಡ ಷರತ್ತಿಗೆ ಮುಸ್ಲಿಮನು ಬದ್ಧನಾಗಿರಬೇಕೆಂಬ ಪ್ರವಾದಿ(ಸ)ರ ಬೋಧನೆ ಇಲ್ಲಿಗೂ ಅನ್ವಯಿಸುತ್ತದೆ.

ವಿಮೆ ಎಲ್ಲಿಯವರೆಗೆ?

ವಿಮಾ ಪಾಲಿಸಿಯಲ್ಲಿ ಅದು ಯಾವ ದೇಶಗಳಲ್ಲಿ ಅನ್ವಯವಾಗುತ್ತದೆ ಎಂದು ಬರೆದಿರುತ್ತದೆ. ಯುಎಇಯ ಹಲವು ಪಾಲಿಸಿಗಳಲ್ಲಿ ಒಮಾನ್ ಸೇರಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಸಲಾಲಕ್ಕೆ ಹೊರಡುವವರು ಇದನ್ನು ಓದಿಯೇ ಹೊರಡಬೇಕು.

ಅರಬ್ ದೇಶಗಳ ನಡುವೆ ಓಡಾಡುವ ವಾಹನಗಳಿಗೆ "ಆರೆಂಜ್ ಕಾರ್ಡ್" ಎಂಬ ಏಕರೂಪದ ವಿಮಾ ಕಾರ್ಡ್ ಇದೆ. 1975ರಲ್ಲಿ ಟ್ಯುನಿಸ್‌ನಲ್ಲಾದ ಒಪ್ಪಂದದಿಂದ ಇದು ಬಂದಿದೆ. ನಿಮ್ಮ ವಿಮಾ ಕಂಪನಿಯಿಂದಲೇ ಇದನ್ನು ಪಡೆಯಬಹುದು. ಸೌದಿಯ ಗಡಿಯಲ್ಲೂ ಹೊರದೇಶದ ಕಾರುಗಳಿಗೆ ವಿಮೆ ಮಾರುವ ಕೌಂಟರ್‌ಗಳಿವೆ. ಆದರೆ ಆರೆಂಜ್ ಕಾರ್ಡ್ ಎದುರಿನವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಸ್ವಂತ ಕಾರು ಜಖಂ ಆದರೆ ಅದರಿಂದ ಏನೂ ಸಿಗದು. ಅದಕ್ಕೆ ಬೇಕಾದ ವಿಸ್ತರಣೆಯನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಬೇಕು.

ದಿಯತ್, ಕಫ್ಫಾರ

ವಿಮೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಲ್ಲಾಹನು ಕಾಪಾಡಲಿ, ರಸ್ತೆಯಲ್ಲಿ ನಮ್ಮ ಕಾರಿನಿಂದ ಒಬ್ಬರ ಪ್ರಾಣ ಹೋದರೆ, ನಮ್ಮ ತಪ್ಪಿದ್ದಲ್ಲಿ ಮೃತನ ಕುಟುಂಬಕ್ಕೆ ದಿಯತ್ ಕೊಡಬೇಕು. ಸೌದಿಯಲ್ಲಿ 2011ರಲ್ಲಿ ಉದ್ದೇಶವಿಲ್ಲದೆ ಆದ ಸಾವಿನ ದಿಯತ್ತನ್ನು 3 ಲಕ್ಷ ರಿಯಾಲ್ ಎಂದು ನಿಗದಿ ಮಾಡಲಾಯಿತು. ನಮ್ಮ ಲೆಕ್ಕದಲ್ಲಿ 60 ಲಕ್ಷ ರೂಪಾಯಿಗೂ ಹೆಚ್ಚು. ಯುಎಇಯಲ್ಲಿ 2 ಲಕ್ಷ ದಿರ್ಹಮ್ ಎಂದಿದೆ.

ಕಾಗದಗಳು ಸರಿಯಿದ್ದರೆ ಈ ಹಣವನ್ನು ವಿಮೆ ಭರಿಸುತ್ತದೆ. ಲೈಸೆನ್ಸ್ ಅನ್ವಯಿಸದ ವ್ಯಕ್ತಿ ಓಡಿಸಿದ್ದರೆ ಕಂಪನಿ ಸಂತ್ರಸ್ತರಿಗೆ ಹಣ ಕೊಟ್ಟು, ಅದನ್ನು ನಮ್ಮಿಂದ ಮರಳಿ ವಸೂಲು ಮಾಡಬಹುದು. ವಿಮೆಯೇ ಇಲ್ಲದಿದ್ದರೆ ಪೂರ್ತಿ ಹೊರೆ ನಮ್ಮ ತಲೆಯ ಮೇಲೆ. ತಿಂಗಳಿಗೆ ಎರಡು ಮೂರು ಸಾವಿರ ರಿಯಾಲ್ ದುಡಿಯುವವನು ಇದನ್ನು ಎಷ್ಟು ವರ್ಷ ತೀರಿಸಿಯಾನು? ಅಷ್ಟರವರೆಗೆ ಊರಿನಲ್ಲಿರುವ ಮಕ್ಕಳ ಗತಿಯೇನು? ಎದುರಿನ ಮನೆಯ ಅನಾಥ ಮಕ್ಕಳ ಗತಿಯೇನು?

ಇದು ಹಕ್ಕುಲ್ ಇಬಾದ್, ದಾಸರ ಹಕ್ಕು. ಶಹೀದನಿಗೂ ಸಾಲದ ಹೊಣೆ ಉಳಿಯುತ್ತದೆ ಎಂದು ಹದೀಸ್ ನಮ್ಮನ್ನು ಎಚ್ಚರಿಸುತ್ತದೆ. ನಫಿಲ್ ಉಮ್ರಾಕ್ಕೆ ಹೊರಟವನು ಇನ್ನೊಬ್ಬರ ಹಕ್ಕನ್ನು ಅಪಾಯಕ್ಕೆ ಒಡ್ಡಿ ಹೋಗುವುದು ಎಷ್ಟು ಸರಿ?

ಹಣದಿಂದಲೂ ಮುಗಿಯದ ಭಾಗವೊಂದಿದೆ. ತಪ್ಪಿ ಆದ ಹತ್ಯೆಗೆ ದಿಯತ್ತಿನ ಜೊತೆಗೆ ಕಫ್ಫಾರವನ್ನೂ ಸೂರಃ ಅನ್ನಿಸಾದ 92ನೇ ಆಯತ್ ವಿಧಿಸುತ್ತದೆ. ಗುಲಾಮರಿಲ್ಲದ ಈ ಕಾಲದಲ್ಲಿ ಅದು ಎಡೆಬಿಡದೆ ಎರಡು ತಿಂಗಳ ಉಪವಾಸ. ಮೃತನ ಮನೆಯವರು ದಿಯತ್ತನ್ನು ಕ್ಷಮಿಸಬಹುದು, ವಿಮಾ ಕಂಪನಿ ಅದನ್ನು ಕೊಡಬಹುದು. ಉಪವಾಸವನ್ನು ಚಾಲಕನೇ ಹಿಡಿಯಬೇಕು. ಯಾರ ತಪ್ಪು ಎಷ್ಟು ಎಂಬುದರ ಮೇಲೆ ಇದರ ವಿಧಿ ನಿಂತಿರುವುದರಿಂದ, ಅಂಥ ಸಂದರ್ಭ ಬಂದವರು ಬಲ್ಲ ಆಲಿಮರನ್ನು ವಿಚಾರಿಸಬೇಕು.

ಅತಿಥಿಯ ಕಾರು, ನಿವಾಸಿಯ ಕಾರು

ಹೊರದೇಶದ ನಂಬರ್ ಪ್ಲೇಟ್ ಇರುವ ಕಾರಿಗೆ ಎಲ್ಲ ದೇಶಗಳೂ ಕೊಡುವ ಸೌಲಭ್ಯ ತಾತ್ಕಾಲಿಕ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೂ ಇದೇ ತತ್ವವಿದೆ: ಮಾಲೀಕ ಬೇರೆ ದೇಶದಲ್ಲಿ ವಾಸಿಸುವವನಾಗಿರಬೇಕು, ಕಾರು ಸ್ವಲ್ಪ ಕಾಲಕ್ಕೆ ಮಾತ್ರ ಬಂದಿರಬೇಕು. ಗಡಿಯಲ್ಲಿ ಕೊಡುವ ಕಸ್ಟಮ್ಸ್ ಕಾಗದದಲ್ಲಿರುವ ಕೊನೆಯ ದಿನಾಂಕವನ್ನು ವೀಸಾ ದಿನಾಂಕದಷ್ಟೇ ಗಂಭೀರವಾಗಿ ನೋಡಿ.

ದುಬೈ ಬಿಟ್ಟು ರಿಯಾದ್‌ನಲ್ಲಿ ಕೆಲಸಕ್ಕೆ ಸೇರುವವರು ಇಲ್ಲಿ ಎಡವುತ್ತಾರೆ. ಇಖಾಮಾ ಬಂದ ಮೇಲೂ ಹಳೆಯ ಯುಎಇ ಪ್ಲೇಟ್‌ನಲ್ಲೇ ಓಡಾಡುವುದು ಅತಿಥಿಯ ಸೌಲಭ್ಯವನ್ನು ನಿವಾಸಿ ಬಳಸಿದಂತೆ. ಕಾರನ್ನು ನಿಯಮದಂತೆ ಆಮದು ಮಾಡಿ ಸೌದಿಯಲ್ಲಿ ನೋಂದಾಯಿಸಬೇಕು, ಇಲ್ಲವೇ ಹಿಂದಕ್ಕೆ ಒಯ್ಯಬೇಕು. ಐದು ವರ್ಷಕ್ಕಿಂತ ಹಳೆಯ ಕಾರುಗಳ ಆಮದಿಗೆ ಸೌದಿಯಲ್ಲಿ ಅವಕಾಶವಿಲ್ಲ. ಆದ್ದರಿಂದ ಅಂಥ ಕಾರನ್ನು ಹೊರಡುವ ಮೊದಲೇ ಮಾರಿಬಿಡುವುದು ಜಾಣತನ.

ಊರಿಗೆ ಬರುವ ಗಲ್ಫ್ ಕಾರು

ಗಲ್ಫ್ ಪ್ಲೇಟಿನ ಕಾರನ್ನು ಹಡಗಿನಲ್ಲಿ ಊರಿಗೆ ತರುವ ಆಸೆ ಕೆಲವರಿಗಿದೆ. ಅದಕ್ಕೆ "ಕಾರ್ನೆ" ಎಂಬ ಕಸ್ಟಮ್ಸ್ ಖಾತರಿ ಪುಸ್ತಕ ಬೇಕು. ಇದರಡಿ ಭಾರತದಲ್ಲಿ ಸುಂಕವಿಲ್ಲದೆ ಆರು ತಿಂಗಳು ಕಾರು ಇಟ್ಟುಕೊಳ್ಳಬಹುದು. ಹಿಂದಕ್ಕೆ ಒಯ್ಯದಿದ್ದರೆ ಭಾರೀ ಸುಂಕ ಬೀಳುತ್ತದೆ. 2022ರಲ್ಲಿ ಕೇಂದ್ರ ಸರಕಾರ ತಂದ ನಿಯಮಗಳ ಪ್ರಕಾರ ನೋಂದಣಿ ಪತ್ರ, ಲೈಸೆನ್ಸ್, ವಿಮೆ ಮುಂತಾದ ಕಾಗದಗಳು ಕಾರಿನಲ್ಲಿರಬೇಕು. ಅವು ಅರಬಿಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಆ ಕಾರಿನಲ್ಲಿ ಇಲ್ಲಿನ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ.

ಹೊರಡುವ ಮುನ್ನ

ಕೀಲಿ ತಿರುಗಿಸುವ ಮೊದಲು ಇವುಗಳನ್ನು ಒಮ್ಮೆ ಎಣಿಸಿಕೊಳ್ಳಿ:

– ಎಲ್ಲರ ಪಾಸ್‌ಪೋರ್ಟ್, ವೀಸಾ ಮತ್ತು ನುಸುಕ್ ಆ್ಯಪ್‌ನ ಉಮ್ರಾ ಪರ್ಮಿಟ್. ಹಜ್ ಕಾಲದಲ್ಲಿ ಪರ್ಮಿಟ್ ಇಲ್ಲದೆ ಮಕ್ಕಾ ಪ್ರವೇಶ ಇಲ್ಲ.
– ಸರದಿಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರ ಚಾಲ್ತಿ ಲೈಸೆನ್ಸ್. ಮಾಲೀಕರು ಪಕ್ಕದಲ್ಲಿ ಕುಳಿತಿದ್ದರೂ ಇದು ಬೇಕು.
– ಮುಲ್ಕಿಯಾ. ಅದರ ಅವಧಿ ಪ್ರಯಾಣ ಮುಗಿಯುವವರೆಗೂ ಇರಲಿ.
– ಕಾರು ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮಾಲೀಕರ ಅನುಮತಿ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ.
– ಹೋಗುವ ದೇಶದ ಹೆಸರಿರುವ ವಿಮಾ ಪತ್ರ.
– ಹಿಂದಿರುಗುವಾಗ ಗಡಿ ತಲುಪುವ ಮೊದಲೇ ಟ್ರಾಫಿಕ್ ದಂಡವಿದೆಯೇ ಎಂದು ನೋಡಿ, ಇದ್ದರೆ ಪಾವತಿಸಿ.

ಗಡಿಯ ನಿಯಮಗಳು ಆಗಾಗ ಬದಲಾಗುತ್ತವೆ. ಕಳೆದ ವರ್ಷ ಹೋದ ಗೆಳೆಯನ ಮಾತಿಗಿಂತ ಈ ವಾರ ವಿಮಾ ಕಂಪನಿ ಮತ್ತು ಗಡಿ ಇಲಾಖೆ ಹೇಳುವ ಮಾತನ್ನು ನಂಬಿ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿ(ಸ)ರು ಕಲಿಸಿದ್ದಾರೆ. ನಮ್ಮ ಕಾಲದ ಪ್ರಯಾಣಿಕನಿಗೆ ಈ ಕಾಗದಗಳೇ ಒಂಟೆಯ ಹಗ್ಗ.

ರಸ್ತೆಯಲ್ಲಿರುವ ನಮ್ಮ ಎಲ್ಲ ಸಹೋದರರನ್ನು ಅಲ್ಲಾಹನು ಕಾಪಾಡಲಿ. ನಮ್ಮಿಂದ ಯಾರ ಹಕ್ಕಿಗೂ ಹಾನಿಯಾಗದಂತೆ ಮಾಡಲಿ. ಎಲ್ಲರ ಉಮ್ರಾವನ್ನು ಸ್ವೀಕರಿಸಿ, ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.