ನಂಬಿಕೆ ಬೇರೆ, ಶ್ರದ್ಧೆ ಬೇರೆ

"ದೇವರ ಮೇಲೆ ನಂಬಿಕೆ ಇರಲಿ", "ಗುಮಾಸ್ತನ ಮೇಲೆ ನಂಬಿಕೆ ಇದೆ", "ಆ ಡಾಕ್ಟರ ಮೇಲೆ ನಂಬಿಕೆ ಬರಲಿಲ್ಲ". ದಿನನಿತ್ಯದ ಮಾತಿನಲ್ಲಿ ಈ ಮೂರಕ್ಕೂ ಒಂದೇ ಪದ ಸಾಕಾಗುತ್ತದೆ. ಆದರೆ ನಮ್ಮ ಶಾಸ್ತ್ರಗಳು ಧರ್ಮದ ವಿಷಯ ಬಂದಾಗ ಬೇರೆ ಪದವನ್ನು ಆರಿಸಿಕೊಂಡಿವೆ. ಅದು ಶ್ರದ್ಧೆ. ಸಮಾಜದಲ್ಲಿ ಈಚೆಗೆ ಕಾಣುವ ಕೆಲವು ತೊಂದರೆಗಳಿಗೆ, ಮುಖ್ಯವಾಗಿ ಹಣಕಾಸಿನ ತೊಂದರೆಗಳಿಗೆ, ಈ ಎರಡನ್ನೂ ಒಂದೇ ಎಂದು ತಿಳಿದಿರುವುದೂ ಒಂದು ಕಾರಣ.

ಮೊದಲು ಪದಗಳನ್ನು ನೋಡೋಣ. ನಂಬು ಎಂಬುದು ಕನ್ನಡದ್ದೇ ಪದ. ತಮಿಳಿನಲ್ಲೂ ನಂಬು, ತೆಲುಗಿನಲ್ಲಿ ನಮ್ಮು. ವಿಶ್ವಾಸ ಸಂಸ್ಕೃತದ್ದು, ಉಸಿರಾಡುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಯಾರ ಹತ್ತಿರ ನಿರಾಳವಾಗಿ ಉಸಿರು ಬಿಟ್ಟು ಕೂರಬಹುದೋ ಅವರು ವಿಶ್ವಾಸದವರು. ಬೆಳಗಾವಿ ಕಡೆ ಬಸದಿಯ ಆಡಳಿತ ನೋಡುವವರನ್ನು ವಿಶ್ವಸ್ತರು ಎನ್ನುವುದೂ ಇದರಿಂದಲೇ. ಶ್ರದ್ಧೆಯಲ್ಲಿ 'ಶ್ರತ್' ಮತ್ತು 'ಧಾ' ಎಂಬ ಎರಡು ಭಾಗಗಳಿವೆ. ಶ್ರತ್ ಎಂದರೆ ಸತ್ಯ ಎಂದು ಹಳೆಯ ನಿಘಂಟು ಹೇಳುತ್ತದೆ, ಧಾ ಎಂದರೆ ಇಡುವುದು. ಮನಸ್ಸನ್ನು ಸತ್ಯದಲ್ಲಿ ಇಡುವುದು ಶ್ರದ್ಧೆ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಬಳಕೆಯೂ ಇದೆ. ಮಕ್ಕಳಿಗೆ "ಶ್ರದ್ಧೆಯಿಂದ ಓದು" ಎನ್ನುತ್ತಾರೆ, "ನಂಬಿಕೆಯಿಂದ ಓದು" ಎಂದು ಯಾರೂ ಹೇಳುವುದಿಲ್ಲ. ಕಣ್ಣು ಮುಚ್ಚಿ ಒಪ್ಪುವುದು ಶ್ರದ್ಧೆಯಲ್ಲ, ಗಮನವಿಟ್ಟು ನೋಡುವುದೂ ಅದರಲ್ಲೇ ಸೇರಿದೆ ಎಂಬುದು ನಮ್ಮ ಮನೆಮಾತಿಗೇ ಗೊತ್ತಿದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ ಎರಡನೆಯ ಸೂತ್ರದಲ್ಲೇ ಸಮ್ಯಗ್ದರ್ಶನ ಎಂದರೇನು ಎಂದು ತಿಳಿಸಿದ್ದಾರೆ. ತತ್ತ್ವಗಳನ್ನು ಅವು ಇರುವ ಹಾಗೆಯೇ ಅರಿತು ಅವುಗಳಲ್ಲಿ ಶ್ರದ್ಧೆ ಇಡುವುದೇ ಸಮ್ಯಗ್ದರ್ಶನ. ತತ್ತ್ವಗಳು ಏಳು: ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರಾ, ಮೋಕ್ಷ. ಈ ಏಳರಲ್ಲಿ ಯಾವುದೂ ವ್ಯಕ್ತಿಯಲ್ಲ ಎಂಬುದನ್ನು ಗಮನಿಸಬೇಕು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಪ್ತ, ಆಗಮ, ತಪಸ್ವಿ ಈ ಮೂವರಲ್ಲಿ ಶ್ರದ್ಧೆ ಎಂದಿದ್ದಾರೆ, ನಿಜ. ಆದರೆ ಆಪ್ತನಾಗಲು ಏನಿರಬೇಕು, ತಪಸ್ವಿಯಾಗಲು ಏನಿರಬೇಕು ಎಂಬ ಲಕ್ಷಣಗಳನ್ನೂ ಅಲ್ಲೇ ಕೊಟ್ಟಿದ್ದಾರೆ. ಲಕ್ಷಣ ಕೊಡುವುದು ಪರೀಕ್ಷಿಸಿ ನೋಡಲಿ ಎಂದೇ. ಇದೇ ಆಚಾರ್ಯರು 114 ಕಾರಿಕೆಗಳ ಆಪ್ತಮೀಮಾಂಸೆಯಲ್ಲಿ ಜಿನೇಂದ್ರನ ಎದುರೇ ನಿಂತು, ದೇವತೆಗಳು ಬಂದು ಸೇವಿಸುತ್ತಾರೆ, ಚಾಮರ ಬೀಸುತ್ತಾರೆ ಎಂಬ ಕಾರಣಕ್ಕೆ ನಿನ್ನನ್ನು ದೊಡ್ಡವನೆಂದು ಒಪ್ಪುವುದಿಲ್ಲ, ಅಂಥದ್ದು ಮಾಯಾವಿಗಳಲ್ಲೂ ಕಾಣುತ್ತದೆ ಎಂಬ ಅರ್ಥದ ಮಾತಿನಿಂದ ಆರಂಭಿಸುತ್ತಾರೆ. ತೀರ್ಥಂಕರರನ್ನೇ ಪರೀಕ್ಷೆ ಮಾಡಿ ಒಪ್ಪಿಕೊಂಡ ಪರಂಪರೆ ನಮ್ಮದು.

ಇನ್ನು ನಂಬಿಕೆ. ಇದು ವ್ಯವಹಾರದ ಮಾತು, ಹಾಗೆಂದು ಕೀಳಲ್ಲ. ನಂಬಿಕೆ ಇಲ್ಲದಿದ್ದರೆ ಒಂದು ದಿನವೂ ಪೇಟೆ ನಡೆಯುವುದಿಲ್ಲ. ಆದರೆ ನಂಬಿಕೆಗೆ ಆಳು ಬೇಕು, ವಿಷಯ ಬೇಕು, ಅಳತೆಯೂ ಬೇಕು. ಹೊಸ ಗಿರಾಕಿಗೆ 5 ಸಾವಿರದ ಮಾಲು ಉದ್ರಿ ಕೊಟ್ಟ ಅಂಗಡಿಯವರು, ಅದು ಸಮಯಕ್ಕೆ ಸರಿಯಾಗಿ ಬಂದ ಮೇಲೆ 20 ಸಾವಿರದ್ದು ಕೊಡುತ್ತಾರೆ. ಮೊದಲ ದಿನವೇ 5 ಲಕ್ಷದ್ದು ಕೊಡುವುದಿಲ್ಲ. ಅಡುಗೆಯವರನ್ನು ಅಡುಗೆಗೆ ನಂಬುತ್ತಾರೆ, ಅವರ ಕೈಗೆ ಗಲ್ಲೆಯ ಬೀಗದ ಕೈ ಕೊಡುವುದಿಲ್ಲ. ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲೂ ವರ್ಷಕ್ಕೊಮ್ಮೆ ಲೆಕ್ಕ ಕೂಡಿಸುತ್ತಾರೆ, ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ದೀಪಾವಳಿಯ ಬೆಳಿಗ್ಗೆ ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿಸಿ, ಅದೇ ಹಬ್ಬದಲ್ಲಿ ಹಳೆಯ ಖಾತೆ ಮುಗಿಸಿ ಹೊಸ ಪುಸ್ತಕಕ್ಕೆ ಕುಂಕುಮ ಹಚ್ಚುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಪೂಜೆಯೂ ಇದೆ, ಲೆಕ್ಕವೂ ಇದೆ. ಹಿರಿಯರು ಎರಡನ್ನೂ ಬೆರೆಸಲಿಲ್ಲ.

ಈಗ ಬೆರೆಯುತ್ತಿರುವುದು ಹೇಗೆಂದರೆ: ಒಬ್ಬರು ದಿನವೂ ಬಸದಿಗೆ ಬರುತ್ತಾರೆ. ಪಂಚಾಮೃತ ಅಭಿಷೇಕಕ್ಕೆ ಮುಂದೆ ನಿಲ್ಲುತ್ತಾರೆ, ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ, ಮುನಿಸಂಘ ಬಂದಾಗ ಆಹಾರದಾನಕ್ಕೆ ಓಡಾಡುತ್ತಾರೆ. ಅವರು ಒಂದು ಚೀಟಿ ನಡೆಸುತ್ತೇನೆ, ಠೇವಣಿಗೆ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತೇನೆ ಎನ್ನುತ್ತಾರೆ. ಯಾರೂ ಕಾಗದ ಕೇಳುವುದಿಲ್ಲ. "ನಮ್ಮವರೇ ಅಲ್ಲವೆ, ಧರ್ಮಿಷ್ಠರು" ಎಂದು ಮಗಳ ಮದುವೆಗೆ ಇಟ್ಟ ಹಣ, ನಿವೃತ್ತಿಯ ಹಣ ಎಲ್ಲವನ್ನೂ ಒಪ್ಪಿಸುತ್ತಾರೆ. ಒಂದು ದಿನ ಮನೆಗೆ ಬೀಗ ಬಿದ್ದಿರುತ್ತದೆ. ಇಂಥದ್ದು ನಮ್ಮ ಸಮಾಜದಲ್ಲಿ ಮಾತ್ರವಲ್ಲ, ಒಬ್ಬರನ್ನೊಬ್ಬರು ಹತ್ತಿರದಿಂದ ಬಲ್ಲ ಎಲ್ಲ ಸಮಾಜಗಳಲ್ಲೂ ನಡೆಯುತ್ತದೆ.

ಹಣ ಹೋದದ್ದು ಒಂದು ನಷ್ಟ. ಅದರ ಹಿಂದೆ ಇನ್ನೊಂದು ನಷ್ಟ ಬರುತ್ತದೆ. ಹಣ ಕಳೆದುಕೊಂಡ ಮನೆಯವರು ಬಸದಿಗೆ ಬರುವುದನ್ನೇ ನಿಲ್ಲಿಸುತ್ತಾರೆ. "ಪೂಜೆ ಮಾಡುವವರೇ ಹೀಗೆ ಮಾಡಿದ ಮೇಲೆ ಧರ್ಮದಲ್ಲಿ ಏನಿದೆ" ಎನ್ನುತ್ತಾರೆ. ಮಕ್ಕಳು ಪಾಠಶಾಲೆ ಬಿಡುತ್ತಾರೆ. ಅವರ ನೋವು ದೊಡ್ಡದು, ಹಗುರವಾಗಿ ಮಾತನಾಡಬಾರದು. ಆದರೂ ಅಲ್ಲಿ ಆಗಿರುವುದನ್ನು ಬಿಡಿಸಿ ನೋಡಬೇಕು. ತತ್ತ್ವದಲ್ಲಿ ಇಡಬೇಕಾದ ಶ್ರದ್ಧೆಯನ್ನು ಒಬ್ಬ ಮನುಷ್ಯನ ಮೇಲೆ ಇಟ್ಟಿದ್ದರು, ಆದ್ದರಿಂದ ಲೆಕ್ಕ ಕೇಳಲಿಲ್ಲ. ಆ ಮನುಷ್ಯ ಬಿದ್ದಾಗ ಶ್ರದ್ಧೆಯೂ ಅವನ ಜೊತೆಗೇ ಬಿತ್ತು. ಆಸ್ರವ, ಬಂಧಗಳ ಮಾತು ಮಾತ್ರ ಮೊದಲಿನಂತೆಯೇ ಇದೆ. ಮೋಸ ಮಾಡಿದವನಿಗೆ ಕರ್ಮಬಂಧ ಆಯಿತು ಎಂದೇ ಆ ತತ್ತ್ವ ಹೇಳುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಿಗೆ ಎಂಟು ಕಥೆಗಳಿವೆ. ಅವುಗಳಲ್ಲಿ ಐದನೆಯದು ಇದೇ ವಿಷಯದ್ದು. ತಾಮ್ರಲಿಪ್ತ ನಗರದ ಜಿನೇಂದ್ರಭಕ್ತ ಶೆಟ್ಟಿಯ ಏಳು ಅಂತಸ್ತಿನ ಮನೆಯ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಿಂಬವಿತ್ತು. ಅದರ ಛತ್ರದಲ್ಲಿ ಬೆಲೆಬಾಳುವ ವೈಡೂರ್ಯ ಮಣಿ. ಅದನ್ನು ಕದಿಯಲು ಕಳ್ಳನೊಬ್ಬ ಕ್ಷುಲ್ಲಕನ ವೇಷ ಹಾಕಿ, ಉಪವಾಸ ವ್ರತಗಳಿಂದ ಮೈ ಸೊರಗಿಸಿಕೊಂಡು ಊರೂರು ಹೆಸರು ಮಾಡಿ ಬಂದ. ಶೆಟ್ಟಿ ಅವನನ್ನು ಮನೆಗೆ ಕರೆತಂದು ಮಣಿಯ ಕಾವಲಿಗೇ ಇಟ್ಟ. ಶೆಟ್ಟಿ ವ್ಯಾಪಾರಕ್ಕೆ ಹೊರಟು ಊರ ಹೊರಗೆ ಬಿಡಾರ ಹೂಡಿದ್ದ ರಾತ್ರಿ ಕಳ್ಳ ಮಣಿ ತೆಗೆದುಕೊಂಡು ಓಡಿದ. ಮಣಿಯ ಹೊಳಪಿನಿಂದಲೇ ಕಾವಲಿನವರ ಕಣ್ಣಿಗೆ ಬಿದ್ದ. ಅಟ್ಟಿಸಿಕೊಂಡು ಬಂದಾಗ ಬೇರೆ ದಾರಿ ಇಲ್ಲದೆ ಶೆಟ್ಟಿಯ ಬಳಿಗೇ ಓಡಿದ. ಶೆಟ್ಟಿಗೆ ಎಲ್ಲ ತಿಳಿಯಿತು. ಆದರೂ ಕಾವಲಿನವರಿಗೆ, ನಾನೇ ತರಲು ಹೇಳಿದ್ದೆ ಎಂದು ಹೇಳಿ ಕಳಿಸಿದ. ಆಮೇಲೆ ಆ ರಾತ್ರಿಯೇ ಕಳ್ಳನನ್ನು ಅಲ್ಲಿಂದ ಓಡಿಸಿದ. ಇದು ಉಪಗೂಹನ ಅಂಗದ ಕಥೆ.

ಶೆಟ್ಟಿಯ ನಂಬಿಕೆ ಅಂದು ಪೂರ್ತಿ ಮುರಿಯಿತು. ಶ್ರದ್ಧೆಗೆ ಏನೂ ಆಗಲಿಲ್ಲ. ವೇಷಧಾರಿ ಕಳ್ಳನಾಗಿದ್ದರಿಂದ ಮಾರ್ಗ ಸುಳ್ಳು ಎಂದು ಅವನಿಗೆ ಅನಿಸಲಿಲ್ಲ. ಬದಲಿಗೆ ಮಾರ್ಗಕ್ಕೆ ಕೆಟ್ಟ ಹೆಸರು ಬಾರದಿರಲಿ ಎಂದು ಯೋಚಿಸಿದ. ಕಳ್ಳನನ್ನು ಮತ್ತೆ ಕಾವಲಿಗೂ ಇಡಲಿಲ್ಲ. ಕಥೆ ಹೇಳುವಾಗ ಈ ಕೊನೆಯ ಮಾತನ್ನು ಬಿಟ್ಟುಬಿಡುವವರಿದ್ದಾರೆ.

ಸಮಿತಿಗಳಲ್ಲಿ ಹಣದ ತಪ್ಪು ನಡೆದಾಗ "ಉಪಗೂಹನ ಮಾಡಿ, ಹೊರಗೆ ಹೇಳಬೇಡಿ" ಎಂಬ ಮಾತು ಬರುವುದುಂಟು. ಆಗ ಒಂದನ್ನು ನೆನಪಿಡಬೇಕು. ಆ ಮಣಿ ಶೆಟ್ಟಿಯ ಸ್ವಂತದ್ದು, ಅದು ಅವನ ಕೈಗೆ ವಾಪಸ್ಸೂ ಬಂದಿತ್ತು. ಬಸದಿಯ ಹುಂಡಿಯ ಹಣ, ವಿಧವೆಯೊಬ್ಬರ ಠೇವಣಿ, ವಿದ್ಯಾರ್ಥಿನಿಲಯದ ದೇಣಿಗೆ ಇವು ಯಾವ ಒಬ್ಬ ಶೆಟ್ಟಿಯ ಸ್ವತ್ತೂ ಅಲ್ಲ, ಉದಾರವಾಗಿ ಮುಚ್ಚಿಹಾಕುವ ಅಧಿಕಾರ ಯಾರಿಗೂ ಇಲ್ಲ. ಸಮಂತಭದ್ರರು ಉಪಗೂಹನ ಹೇಳಿದ್ದೂ ತಿಳಿಯದವರಿಂದ, ಶಕ್ತಿ ಸಾಲದವರಿಂದ ಮಾರ್ಗಕ್ಕೆ ಬರುವ ನಿಂದೆಯನ್ನು ಹೋಗಲಾಡಿಸಲು.

ಹಾಗಾದರೆ ನಂಬಿಕೆಗೂ ಶ್ರದ್ಧೆಗೂ ಸಂಬಂಧವೇ ಇಲ್ಲವೇ? ಇದೆ. ಮೊದಲ ಅಂಗದ ಅಂಜನ ಚೋರನ ಕಥೆ ಅದನ್ನು ತೋರಿಸುತ್ತದೆ. ಮರಕ್ಕೆ 108 ಎಳೆಗಳ ಉಯ್ಯಾಲೆ ಕಟ್ಟಿ, ಕೆಳಗೆ ಚೂಪಾದ ಆಯುಧಗಳನ್ನು ನೆಟ್ಟು, ಮಂತ್ರ ಹೇಳುತ್ತ ಎಳೆ ಕತ್ತರಿಸಬೇಕಿದ್ದ ಸೋಮದತ್ತ ಹೆದರಿ ಹತ್ತುವುದು ಇಳಿಯುವುದು ಮಾಡುತ್ತಿದ್ದ. ರಾಜಭಟರಿಂದ ತಪ್ಪಿಸಿಕೊಂಡು ಬಂದ ಅಂಜನ, ಈ ಮಂತ್ರ ಕೊಟ್ಟವರು ಯಾರು ಎಂದು ಕೇಳಿದ. ಜಿನದತ್ತ ಶೆಟ್ಟಿ ಎಂದು ತಿಳಿದ ಕೂಡಲೇ, ಅಂಥವರು ಸುಳ್ಳು ಹೇಳುವುದಿಲ್ಲ ಎಂದು ಎಲ್ಲ ಎಳೆಗಳನ್ನೂ ಒಮ್ಮೆಗೇ ಕತ್ತರಿಸಿದ. ವಿದ್ಯೆ ಸಿದ್ಧಿಸಿತು. ಅವನು ಆರಂಭಿಸಿದ್ದು ಒಬ್ಬ ಮನುಷ್ಯನ ಮೇಲಿನ ನಂಬಿಕೆಯಿಂದಲೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಶೆಟ್ಟಿಯ ಬಳಿಗೆ ಹೋದ, ಮುನಿಗಳಿಂದ ಧರ್ಮ ಕೇಳಿದ, ದೀಕ್ಷೆ ಪಡೆದ. ನಮ್ಮ ಮಕ್ಕಳೂ ಹಾಗೆಯೇ. ಅಜ್ಜಿ ಹೇಳಿದರು ಎಂದು ಣಮೋಕಾರ ಕಲಿಯುತ್ತಾರೆ. ದೊಡ್ಡವರಾದ ಮೇಲೂ "ಅಜ್ಜಿ ಹೇಳಿದ್ದಾರೆ" ಎಂಬಲ್ಲೇ ಉಳಿದರೆ ಅದು ಇನ್ನೂ ಅಜ್ಜಿಯ ಮೇಲಿನ ನಂಬಿಕೆ. ಸ್ವಾಧ್ಯಾಯ ಮಾಡಿ, ಪ್ರಶ್ನೆ ಕೇಳಿ, ತನಗೇ ಹೌದೆನಿಸಿದಾಗ ಶ್ರದ್ಧೆ. ಪಾಠಶಾಲೆಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ "ಶಂಕೆ ಮಾಡಬಾರದು, ನಿಃಶಂಕಿತ ಅಂಗ ಗೊತ್ತಿಲ್ಲವೇ" ಎಂದು ಬಾಯಿ ಮುಚ್ಚಿಸುವುದು ಸರಿಯಲ್ಲ. ಗೌತಮ ಗಣಧರರು ಭಗವಾನರಿಗೆ ಕೇಳಿದ್ದೂ ಪ್ರಶ್ನೆಗಳನ್ನೇ.

ಬಸದಿಯ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ ಒಬ್ಬರು ಎದ್ದು "ಪೂಜಾ ನಿಧಿಯ ಬಡ್ಡಿ ಯಾವ ಖಾತೆಗೆ ಹೋಯಿತು" ಎಂದು ಕೇಳಿದರೆ ಸಭೆ ಅವರ ಕಡೆ ಕೆಂಗಣ್ಣಿನಿಂದ ನೋಡುವುದು ಬೇಡ. ವಿಶ್ವಸ್ತರು ಪುಸ್ತಕ ತೆರೆದು ತೋರಿಸಲಿ. ಕೇಳಿದವರು ನೋಡಿ, ಕೈಮುಗಿದು, ಮಂಗಳಾರತಿಗೆ ನಿಲ್ಲಲಿ.