ಕಚೇರಿಯ ದೂರವಾಣಿ ವ್ಯವಸ್ಥೆ: ಹಣ ತೆತ್ತು ಪಡೆದ ಸೌಲಭ್ಯಗಳ ಸದ್ಬಳಕೆ

ವ್ಯಾಪಾರದಲ್ಲಿ ಸರಕಿಗಿಂತ ಮೊದಲು ಕೈ ಬದಲಾಯಿಸುವುದು ಮಾತು. ಮಹಾಲಿಂಗಪುರದ ಪೇಟೆಯ ಬೆಲ್ಲದ ಧಾರಣೆ, ಬನಹಟ್ಟಿಯ ಸೀರೆಗೆ ಮಹಾರಾಷ್ಟ್ರದಿಂದ ಬರುವ ಬೇಡಿಕೆ, ಮುಧೋಳದ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳ ವಿಚಾರಣೆ ಇವೆಲ್ಲವೂ ದೂರವಾಣಿಯ ಮೂಲಕವೇ ಆರಂಭವಾಗುತ್ತವೆ. ಮೊಬೈಲುಗಳು ಎಲ್ಲರ ಕೈಯಲ್ಲಿದ್ದರೂ ಬಿಲ್ಲಿನ ಮೇಲೆ ಅಚ್ಚಾಗಿರುವ ಕಚೇರಿಯ ಸಂಖ್ಯೆಯೇ ಸಂಸ್ಥೆಯ ಶಾಶ್ವತ ವಿಳಾಸ. ನೌಕರನು ಕೆಲಸ ಬಿಟ್ಟರೆ ಅವನ ಮೊಬೈಲಿನೊಂದಿಗೆ ಗ್ರಾಹಕನೂ ಹೋಗಬಹುದು. ಕಚೇರಿಯ ಸಂಖ್ಯೆ ಮಾತ್ರ ಉಳಿಯುತ್ತದೆ.

ಈ ಕಾರಣದಿಂದಲೇ ಅನೇಕ ಸಂಸ್ಥೆಗಳು ಇ.ಪಿ.ಎ.ಬಿ.ಎಕ್ಸ್. ಎಂಬ ಪೆಟ್ಟಿಗೆಯನ್ನು ಅಳವಡಿಸಿಕೊಂಡಿವೆ. ಆದರೆ ಅದರಲ್ಲಿರುವ ಹತ್ತಾರು ಸೌಲಭ್ಯಗಳ ಪೈಕಿ ಬಳಕೆಯಾಗುವುದು ಒಂದೆರಡು ಮಾತ್ರ. ಉಳಿದವುಗಳಿಗೂ ಹಣ ಪಾವತಿಯಾಗಿದೆ ಎಂಬುದನ್ನು ಮಾಲೀಕರು ಗಮನಿಸಬೇಕು.

ವ್ಯವಸ್ಥೆಯ ಸ್ವರೂಪ

ಇ.ಪಿ.ಎ.ಬಿ.ಎಕ್ಸ್. ಎಂದರೆ ಕಚೇರಿಯೊಳಗಿನ ಒಂದು ಚಿಕ್ಕ ದೂರವಾಣಿ ವಿನಿಮಯ ಕೇಂದ್ರ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ 128 ಲೈನುಗಳ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದೇ ತಂತ್ರಜ್ಞಾನದಿಂದ ಕಚೇರಿಗಳಿಗೆ ಬೇಕಾದ ಪೆಟ್ಟಿಗೆಗಳೂ ತಯಾರಾದವು. ಹೊರಗಿನ ಎರಡು ಅಥವಾ ಮೂರು ಲೈನುಗಳನ್ನು ಒಳಗಿನ ಹತ್ತು ಹನ್ನೆರಡು ಎಕ್ಸ್‌ಟೆನ್ಷನ್‌ಗಳು ಹಂಚಿಕೊಳ್ಳುತ್ತವೆ. ಒಳಗಿಂದೊಳಗೆ ನಡೆಯುವ ಮಾತಿಗೆ ಶುಲ್ಕವಿಲ್ಲ. ಹೊರಗಿನ ಲೈನೂ ಅದಕ್ಕೆ ತಗುಲುವುದಿಲ್ಲ.

ಒಳಬರುವ ಕರೆ ವ್ಯರ್ಥವಾಗದಿರಲಿ

ಎರಡು ಲೈನುಗಳಿದ್ದು ಬಿಲ್ಲಿನ ಮೇಲೆ ಒಂದೇ ಸಂಖ್ಯೆ ಅಚ್ಚಾಗಿದ್ದರೆ, ಆ ಲೈನು ಕಾರ್ಯನಿರತವಾಗಿರುವಾಗ ಗ್ರಾಹಕನಿಗೆ ಕೇಳಿಸುವುದು 'ಎಂಗೇಜ್' ಸದ್ದು. ಎರಡನೆಯ ಲೈನು ಮಾತ್ರ ಸುಮ್ಮನೆ ಕುಳಿತಿರುತ್ತದೆ. ಇದಕ್ಕೆ ಪರಿಹಾರ 'ಹಂಟಿಂಗ್' ಸೌಲಭ್ಯ. ಇದನ್ನು ದೂರವಾಣಿ ಕಂಪನಿಗೆ ಅರ್ಜಿ ಕೊಟ್ಟು ಪಡೆಯಬೇಕು. ಆಗ ಕರೆಯು ತಾನಾಗಿಯೇ ಬಿಡುವಿರುವ ಲೈನಿಗೆ ಸಾಗುತ್ತದೆ.

ಕಚೇರಿಯೊಳಗೆ 'ರಿಂಗ್ ಗ್ರೂಪ್' ರಚಿಸಬಹುದು. ಮೊದಲ ಮೂರು ನಾಲ್ಕು ಗಂಟೆ ಗುಮಾಸ್ತರ ಮೇಜಿನಲ್ಲಿ, ಅನಂತರ ಮಾರಾಟ ವಿಭಾಗದಲ್ಲಿ, ಕೊನೆಗೆ ಮಾಲೀಕರ ಕೋಣೆಯಲ್ಲಿ ಎಂದು ಕ್ರಮ ನಿಗದಿಪಡಿಸಿದರೆ ಸಾಕು. ಪಕ್ಕದ ಮೇಜಿನ ದೂರವಾಣಿ ಬಡಿದುಕೊಳ್ಳುತ್ತಿದ್ದರೆ ಎದ್ದು ಹೋಗಬೇಕಾಗಿಲ್ಲ. 'ಕಾಲ್ ಪಿಕಪ್' ಸಂಕೇತವನ್ನು ಒತ್ತಿ ಕುಳಿತಲ್ಲಿಂದಲೇ ಉತ್ತರಿಸಬಹುದು. ಸಂಕೇತಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಕೈಪಿಡಿಯನ್ನು ನೋಡುವುದು ಅಗತ್ಯ.

ಅಂಗಡಿ ಮುಚ್ಚಿದ ಮೇಲೆ ಕರೆಯನ್ನು ಮಾಲೀಕರ ಮೊಬೈಲಿಗೆ ತಿರುಗಿಸುವ ಪದ್ಧತಿಯಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಪೆಟ್ಟಿಗೆಯೇ ಕರೆಯನ್ನು ಹೊರಗೆ ತಿರುಗಿಸಿದರೆ, ಬರಲು ಒಂದು ಮತ್ತು ಹೋಗಲು ಒಂದು ಎಂದು ಎರಡು ಲೈನುಗಳು ಹಿಡಿಯುತ್ತವೆ. ಎರಡೇ ಲೈನುಗಳಿರುವ ಸಂಸ್ಥೆಯಲ್ಲಿ ಒಬ್ಬ ಗ್ರಾಹಕ ಮಾತನಾಡುವಾಗ ಉಳಿದವರಿಗೆಲ್ಲ ಬಾಗಿಲು ಮುಚ್ಚಿದಂತೆ. ಅಂಥವರು ದೂರವಾಣಿ ಕಂಪನಿಯ ಕಡೆಯಿಂದಲೇ ಕರೆ ತಿರುಗಿಸುವ ಸೇವೆಯನ್ನು ಪಡೆಯುವುದು ಲೇಸು.

ದಿನಕ್ಕೆ ಮೂರು ಕರೆಗಳು ಉತ್ತರವಿಲ್ಲದೆ ಹೋದವೆಂದು ಇಟ್ಟುಕೊಂಡರೆ 25 ಕೆಲಸದ ದಿನಗಳಿಗೆ 75 ಕರೆಗಳಾಗುತ್ತವೆ. ಅವುಗಳಲ್ಲಿ ಎಷ್ಟು ಆರ್ಡರುಗಳಿದ್ದವು, ಎಷ್ಟು ವಸೂಲಿಯ ಮಾತುಗಳಿದ್ದವು ಎಂಬುದು ಯಾವ ಖಾತೆಯಲ್ಲಿಯೂ ಜಮೆಯಾಗುವುದಿಲ್ಲ.

ಕರೆಯ ವರ್ಗಾವಣೆ

'ತಡೀರಿ' ಎಂದು ರಿಸೀವರನ್ನು ಮೇಜಿನ ಮೇಲಿಟ್ಟರೆ ಕಚೇರಿಯ ಮಾತೆಲ್ಲ ಗ್ರಾಹಕನಿಗೆ ಕೇಳಿಸುತ್ತದೆ. ಒಮ್ಮೊಮ್ಮೆ ಖರೀದಿ ದರವೂ ಕೇಳಿಸಬಹುದು. 'ಹೋಲ್ಡ್' ಸೌಲಭ್ಯವಿರುವುದು ಇದನ್ನು ತಪ್ಪಿಸಲೆಂದೇ. ವರ್ಗಾಯಿಸುವಾಗ ಸಂಬಂಧಪಟ್ಟವರಿಗೆ ಮೊದಲು ವಿಷಯವನ್ನು ತಿಳಿಸಿ ಅನಂತರ ಕರೆಯನ್ನು ಒಪ್ಪಿಸಬೇಕು. ಅವರು ಎತ್ತಿಕೊಳ್ಳದಿದ್ದಲ್ಲಿ ನಿಗದಿತ ಸಮಯದ ಬಳಿಕ ಕರೆ ಹಿಂದಿರುಗುವಂತೆ ಪೆಟ್ಟಿಗೆಯಲ್ಲಿ ವ್ಯವಸ್ಥೆ ಮಾಡಿಸಬೇಕು.

ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ದೂರವಾಣಿಯ ಗಂಟೆ ಕೇಳಿಸದು. ಅಲ್ಲಿ ಗಂಟೆಯೊಂದಿಗೆ ಬೆಳಗುವ ದೀಪವನ್ನು ಅಥವಾ ದೊಡ್ಡ ಸದ್ದಿನ ಗಂಟೆಯನ್ನು ಜೋಡಿಸಬಹುದು. ಕಬ್ಬು ನುರಿಸುವ ಹಂಗಾಮಿನಲ್ಲಿ ತೂಕದ ಕಾಟಾ, ಗೇಟು ಮತ್ತು ಲೆಕ್ಕಪತ್ರ ವಿಭಾಗಗಳಿಗೆ ಒಂದೊಂದು ಎಕ್ಸ್‌ಟೆನ್ಷನ್ ಇದ್ದರೆ ಓಡಾಟ ತಪ್ಪುತ್ತದೆ.

ಹೊರಹೋಗುವ ಕರೆಗೆ ಬೀಗ

ಹಿಂದೆ 'ಸೊನ್ನೆಗೆ ಬೀಗ' ಹಾಕಿ ಎಸ್.ಟಿ.ಡಿ. ಕರೆಗಳನ್ನು ತಡೆಯುತ್ತಿದ್ದರು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಯಾವ ಮೊಬೈಲಿಗೆ ಕರೆ ಮಾಡಬೇಕಾದರೂ ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಯಿತು. ಪರಿಣಾಮವಾಗಿ ಹಳೆಯ ಬೀಗವು ಊರಿನೊಳಗಿನ ಮೊಬೈಲ್ ಕರೆಗಳನ್ನೂ ತಡೆಯುತ್ತದೆ. ಬೇಸತ್ತು ಬೀಗವನ್ನೇ ಪೂರ್ತಿ ತೆಗೆಸಿದರೆ ಅಂತರರಾಷ್ಟ್ರೀಯ ಕರೆಗಳಿಗೂ ದಾರಿ ತೆರೆದುಕೊಳ್ಳುತ್ತದೆ. ಎರಡು ಸೊನ್ನೆಗಳಿಂದ ಆರಂಭವಾಗುವ ಸಂಖ್ಯೆಗಳನ್ನು ಮಾತ್ರ ತಡೆಹಿಡಿಯುವುದು ಸರಿಯಾದ ಕ್ರಮ. ರಫ್ತು ವ್ಯವಹಾರವಿರುವವರು ಒಂದೇ ಎಕ್ಸ್‌ಟೆನ್ಷನ್‌ಗೆ ಗುಪ್ತ ಸಂಖ್ಯೆಯೊಂದಿಗೆ ಆ ಅನುಮತಿ ನೀಡಬಹುದು.

ಇದು ಕೇವಲ ನೌಕರರ ಮೇಲಿನ ನಿಗಾ ಅಲ್ಲ. ಹೊರಗಿನಿಂದ ಕರೆ ಮಾಡಿ ಕಚೇರಿಯ ಲೈನನ್ನು ಬಳಸಲು ಅನುವು ಮಾಡಿಕೊಡುವ 'ಡಿಸಾ' ಎಂಬ ಸೌಲಭ್ಯವು ಹಲವು ಪೆಟ್ಟಿಗೆಗಳಲ್ಲಿದೆ. ತಯಾರಕರು ಕೊಟ್ಟ ಮೂಲ ಗುಪ್ತ ಸಂಖ್ಯೆಯನ್ನು ಬದಲಾಯಿಸದೆ ಬಿಟ್ಟರೆ ವಂಚಕರು ಅದರೊಳಗೆ ನುಸುಳಿ ರಾತ್ರೋರಾತ್ರಿ ವಿದೇಶಗಳಿಗೆ ಕರೆ ಮಾಡುತ್ತಾರೆ. ಬಿಲ್ಲು ಮಾತ್ರ ಸಂಸ್ಥೆಯ ಹೆಸರಿಗೆ ಬರುತ್ತದೆ. ಅಗತ್ಯವಿಲ್ಲದಿದ್ದರೆ ಈ ಸೌಲಭ್ಯವನ್ನು ಮುಚ್ಚಿಸಿಬಿಡಬೇಕು. ಗುಪ್ತ ಸಂಖ್ಯೆ ಪೆಟ್ಟಿಗೆ ಜೋಡಿಸಿದವರ ಬಳಿ ಮಾತ್ರವಲ್ಲದೆ ಮಾಲೀಕರ ಬಳಿಯೂ ಇರಬೇಕು.

ಕರೆಗಳ ದಾಖಲೆ ಮತ್ತು ಲೆಕ್ಕಪತ್ರ

ಯಾವ ಎಕ್ಸ್‌ಟೆನ್ಷನ್‌ನಿಂದ ಯಾವ ಸಂಖ್ಯೆಗೆ ಎಷ್ಟು ಹೊತ್ತು ಮಾತು ನಡೆಯಿತೆಂಬ ವಿವರ ಪೆಟ್ಟಿಗೆಯಲ್ಲಿ ದಾಖಲಾಗುತ್ತದೆ. ತಿಂಗಳಿಗೊಮ್ಮೆ ಅದನ್ನು ಬಿಲ್ಲಿನೊಂದಿಗೆ ತಾಳೆ ನೋಡಬೇಕು. ಉತ್ತರವಿಲ್ಲದ ಕರೆಗಳ ಪಟ್ಟಿ ದೊರೆಯುವಂತಿದ್ದರೆ ಅದನ್ನು ಪ್ರತಿದಿನ ಸಂಜೆ ನೋಡಿ ಮರಳಿ ಕರೆ ಮಾಡುವುದು ಉತ್ತಮ.

ದೂರವಾಣಿ ಸೇವೆಯ ಮೇಲೆ ಶೇ. 18ರ ಜಿ.ಎಸ್.ಟಿ. ಇದೆ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿದ್ದು ಜಿ.ಎಸ್.ಟಿ. ಸಂಖ್ಯೆ ನಮೂದಾಗಿದ್ದರೆ, ವ್ಯವಹಾರಕ್ಕೆ ಬಳಸಿದ ಸೇವೆಯ ಮೇಲಿನ ತೆರಿಗೆಯನ್ನು ಜಮೆ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಈ ಅವಕಾಶವಿಲ್ಲ. ಪೆಟ್ಟಿಗೆಯ ಖರೀದಿಯ ಮೇಲಿನ ತೆರಿಗೆಯನ್ನು ಜಮೆ ಪಡೆದವರು ಆ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಸವಕಳಿಯ ದರ ಸಾಮಾನ್ಯ ಯಂತ್ರೋಪಕರಣಗಳಿಗಿರುವ ಶೇ. 15. ಗಣಕಯಂತ್ರಕ್ಕಿರುವ ಹೆಚ್ಚಿನ ದರ ಇದಕ್ಕೆ ಅನ್ವಯಿಸದೆಂದು ಕೇರಳ ಉಚ್ಚ ನ್ಯಾಯಾಲಯವು ಫೆಡರಲ್ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪು ನೀಡಿದೆ.

ವಿದ್ಯುತ್ ಕಡಿತದ ಸಮಯ

ಹಳೆಯ ತಾಮ್ರದ ತಂತಿಗೆ ವಿದ್ಯುತ್ ವಿನಿಮಯ ಕೇಂದ್ರದಿಂದಲೇ ಬರುತ್ತಿತ್ತು. ಫೈಬರ್ ಸಂಪರ್ಕದಲ್ಲಿ ಕಚೇರಿಯ ಮೋಡೆಮಿಗೆ ವಿದ್ಯುತ್ ಇಲ್ಲದಿದ್ದರೆ ದೂರವಾಣಿಯೂ ಮೌನ. ಆದುದರಿಂದ ಪೆಟ್ಟಿಗೆ ಮತ್ತು ಮೋಡೆಮ್ ಎರಡನ್ನೂ ಯು.ಪಿ.ಎಸ್.ಗೆ ಜೋಡಿಸಬೇಕು. ಗಣಕಯಂತ್ರಕ್ಕೆ ಮಾತ್ರ ಆ ವ್ಯವಸ್ಥೆ ಮಾಡಿದರೆ ಬಿಲ್ಲು ಮುದ್ರಿಸಬಹುದು, ಆರ್ಡರು ಪಡೆಯಲಾಗದು.

ಕೈಗೊಳ್ಳಬೇಕಾದ ಕ್ರಮ

1. ಎಕ್ಸ್‌ಟೆನ್ಷನ್ ಸಂಖ್ಯೆಗಳು ಹಾಗೂ ಹೋಲ್ಡ್, ವರ್ಗಾವಣೆ, ಪಿಕಪ್ ಸಂಕೇತಗಳನ್ನು ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದು ಪ್ರತಿ ಮೇಜಿನಲ್ಲೂ ಅಂಟಿಸಬೇಕು.

2. ಕರೆ ಯಾವ ಕ್ರಮದಲ್ಲಿ ಸಾಗಬೇಕು, ಯಾರಿಗೆ ಯಾವ ಅನುಮತಿ ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು. ಜೋಡಣೆಗಾರರ ಇಚ್ಛೆಗೆ ಬಿಡಬಾರದು.

3. ವಾರ್ಷಿಕ ನಿರ್ವಹಣೆಯ ಒಪ್ಪಂದವಿದ್ದರೆ ಈ ಬದಲಾವಣೆಗಳೂ ಅದರಲ್ಲಿ ಸೇರಿವೆಯೇ ಎಂದು ಪರಿಶೀಲಿಸಬೇಕು.

4. ಹೊರಗಿನ ಮೊಬೈಲಿನಿಂದ ತಿಂಗಳಿಗೊಮ್ಮೆ ಕಚೇರಿಗೆ ಕರೆ ಮಾಡಿ, ಗ್ರಾಹಕನಿಗೆ ಏನು ಕೇಳಿಸುತ್ತದೆಂಬುದನ್ನು ಮಾಲೀಕರು ಸ್ವತಃ ಕೇಳಬೇಕು.

ಇವುಗಳಲ್ಲಿ ಹೆಚ್ಚಿನವುಗಳಿಗೆ ಹೊಸ ಬಂಡವಾಳ ಬೇಕಾಗಿಲ್ಲ; ಅರ್ಧ ದಿನದ ಬಿಡುವು ಸಾಕು. ಗೋದಾಮಿನಲ್ಲಿರುವ ಸರಕನ್ನು ವರ್ಷಕ್ಕೊಮ್ಮೆ ಎಣಿಸುವ ವ್ಯಾಪಾರಸ್ಥರು ಈ ಪೆಟ್ಟಿಗೆಯಲ್ಲಿರುವ ಸೌಲಭ್ಯಗಳನ್ನೂ ಒಮ್ಮೆ ಎಣಿಸಿ ನೋಡುವುದು ಲಾಭದಾಯಕ.